ಬಲ್ಬು ನಿಜಕ್ಕೂ ಎಷ್ಟು ವ್ಯಾಟ್ ಎಳೆಯುತ್ತದೆ? ಲೆಕ್ಕ ಹಾಕಿ, ಅಳೆದು ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಬಲ್ಬಿನ ಮೇಲೆ 60 ವ್ಯಾಟ್ ಎಂದು ಅಚ್ಚಾಗಿದ್ದರೆ ಅದನ್ನು ಎಲ್ಲಿ ಹಾಕಿದರೂ 60 ವ್ಯಾಟೇ ಎಳೆಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಆ ಅಂಕಿಯ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ: 230 ವೋಲ್ಟ್. ಎರಡನ್ನೂ ಸೇರಿಸಿಯೇ ಓದಬೇಕು. ಬಲ್ಬಿನ ಎರಡು ತುದಿಗಳ ನಡುವೆ 230 ವೋಲ್ಟ್ ಸಿಕ್ಕಾಗ ಅದು 60 ವ್ಯಾಟ್ ಎಳೆಯುತ್ತದೆ ಎಂಬುದಷ್ಟೇ ತಯಾರಕರು ಕೊಟ್ಟ ಮಾತು. ಸಿಗುವ ವೋಲ್ಟೇಜ್ ಎಷ್ಟು ಎಂಬುದನ್ನು ತೀರ್ಮಾನಿಸುವುದು ಸರ್ಕ್ಯೂಟ್. ಅದೇ ಬಲ್ಬು ಒಂದು ಜೋಡಣೆಯಲ್ಲಿ 60 ವ್ಯಾಟ್, ಇನ್ನೊಂದರಲ್ಲಿ 36, ಮತ್ತೊಂದರಲ್ಲಿ 20 ವ್ಯಾಟ್ ಎಳೆಯಬಹುದು. ಎಲ್‌ಇಡಿ ಬಲ್ಬಿಗಂತೂ ಬೇರೆಯೇ ನಿಯಮ. ಇವೆಲ್ಲವನ್ನೂ ಹೇಗೆ ಲೆಕ್ಕ ಹಾಕುವುದು, ಹೇಗೆ ಅಳೆಯುವುದು, ಎಲ್ಲಿ ಎಡವುತ್ತೇವೆ ಎಂಬುದನ್ನು ಒಂದೊಂದಾಗಿ ನೋಡೋಣ.

ಬೇಕಾಗುವ ಸೂತ್ರಗಳು

ಮೂಲ ಸೂತ್ರ ಒಂದೇ:

ವ್ಯಾಟ್ = ವೋಲ್ಟ್ × ಆಂಪಿಯರ್

ಇದಕ್ಕೆ ಓಮ್‌ನ ನಿಯಮವನ್ನು (ವೋಲ್ಟ್ = ಆಂಪಿಯರ್ × ಓಮ್) ಸೇರಿಸಿದರೆ ಇನ್ನೆರಡು ರೂಪಗಳು ಸಿಗುತ್ತವೆ:

ವ್ಯಾಟ್ = ಆಂಪಿಯರ್ × ಆಂಪಿಯರ್ × ಓಮ್
ವ್ಯಾಟ್ = ವೋಲ್ಟ್ × ವೋಲ್ಟ್ ÷ ಓಮ್

ಯಾವುದನ್ನು ಯಾವಾಗ ಬಳಸಬೇಕು ಎಂಬಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ತಡವರಿಸುತ್ತಾರೆ. ಎಲ್ಲ ಬಲ್ಬುಗಳಿಗೂ ವೋಲ್ಟೇಜ್ ಒಂದೇ ಆಗಿದ್ದರೆ, ಅಂದರೆ ಸಮಾಂತರ ಜೋಡಣೆಯಲ್ಲಿ, ಕೊನೆಯ ಸೂತ್ರ ಹಿಡಿಯಿರಿ: ರೋಧ (ಪ್ರವಾಹಕ್ಕೆ ಒಡ್ಡುವ ಅಡ್ಡಿ, ಅಳೆಯುವುದು ಓಮ್‌ನಲ್ಲಿ) ಕಡಿಮೆ ಇರುವ ಬಲ್ಬು ಹೆಚ್ಚು ವ್ಯಾಟ್ ಎಳೆಯುತ್ತದೆ. ಎಲ್ಲ ಬಲ್ಬುಗಳಲ್ಲೂ ಹರಿಯುವ ಪ್ರವಾಹ ಒಂದೇ ಆಗಿದ್ದರೆ, ಅಂದರೆ ಸರಣಿ ಜೋಡಣೆಯಲ್ಲಿ, ನಡುವಿನ ಸೂತ್ರ ಹಿಡಿಯಿರಿ: ರೋಧ ಹೆಚ್ಚಿರುವ ಬಲ್ಬು ಹೆಚ್ಚು ವ್ಯಾಟ್ ಎಳೆಯುತ್ತದೆ. ಪರೀಕ್ಷೆಗಳಲ್ಲಿ ಬರುವ ಬಲ್ಬಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡು ವಾಕ್ಯಗಳಲ್ಲೇ ಬಗೆಹರಿಯುತ್ತವೆ.

ಫಿಲಮೆಂಟ್ ಬಲ್ಬು: ಬರಹದಿಂದ ರೋಧದವರೆಗೆ

1. ಬಲ್ಬಿನ ಮೇಲಿನ ವೋಲ್ಟ್ ಮತ್ತು ವ್ಯಾಟ್ ಬರೆದುಕೊಳ್ಳಿ. ಉದಾಹರಣೆಗೆ 230 ವೋಲ್ಟ್, 60 ವ್ಯಾಟ್.
2. ವ್ಯಾಟನ್ನು ವೋಲ್ಟಿನಿಂದ ಭಾಗಿಸಿ: 60 ÷ 230 = 0.261 ಆಂಪಿಯರ್. ಪೂರ್ಣ ಬೆಳಕಿನಲ್ಲಿ ಹರಿಯುವ ಪ್ರವಾಹ ಇಷ್ಟು.
3. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿ: 52,900 ÷ 60 = 882 ಓಮ್. ಇದು ಬಲ್ಬು ಪೂರ್ತಿ ಬಿಸಿಯಾಗಿ ಉರಿಯುತ್ತಿರುವಾಗಿನ ರೋಧ.

ಹೀಗೆಯೇ 40 ವ್ಯಾಟ್ ಬಲ್ಬಿಗೆ 0.174 ಆಂಪಿಯರ್ ಮತ್ತು 1,322 ಓಮ್, 100 ವ್ಯಾಟ್ ಬಲ್ಬಿಗೆ 0.435 ಆಂಪಿಯರ್ ಮತ್ತು 529 ಓಮ್ ಬರುತ್ತವೆ. ವ್ಯಾಟ್ ಹೆಚ್ಚಿದಂತೆ ರೋಧ ಕಡಿಮೆಯಾಗುವುದನ್ನು ಗಮನಿಸಿ. ದೊಡ್ಡ ಬಲ್ಬಿನ ಫಿಲಮೆಂಟ್ ದಪ್ಪವಾಗಿರುತ್ತದೆ, ಅದಕ್ಕೇ ಹೀಗೆ.

ಮೂರನೇ ಹಂತದಲ್ಲಿ ಹೇಳಿದ «ಬಿಸಿಯಾಗಿರುವಾಗ» ಎಂಬ ಮಾತನ್ನು ಮರೆತವರು ಮಲ್ಟಿಮೀಟರ್ ಹಿಡಿದ ಕೂಡಲೇ ಗೊಂದಲಕ್ಕೆ ಬೀಳುತ್ತಾರೆ. ಹೋಲ್ಡರ್‌ನಿಂದ ಬಿಚ್ಚಿದ, ತಣ್ಣಗಿರುವ 60 ವ್ಯಾಟ್ ಬಲ್ಬಿನ ರೋಧ ಅಳೆದರೆ ಮೀಟರ್ 60ರಿಂದ 70 ಓಮ್‌ನ ಆಸುಪಾಸು ತೋರಿಸುತ್ತದೆ. 65 ಓಮ್ ಎಂದು ಹಿಡಿದು ವ್ಯಾಟ್ ಲೆಕ್ಕ ಹಾಕಿದರೆ 52,900 ÷ 65 = 814 ವ್ಯಾಟ್ ಎಂಬ ಉತ್ತರ ಬರುತ್ತದೆ. ಮೀಟರೂ ಸರಿಯಾಗಿದೆ, ಬಲ್ಬೂ ಸರಿಯಾಗಿದೆ. ಟಂಗ್‌ಸ್ಟನ್ ಲೋಹದ ರೋಧ ಉಷ್ಣತೆಯ ಜೊತೆಗೆ ಏರುತ್ತದೆ. ಕೋಣೆಯ ಉಷ್ಣತೆಯಿಂದ ಸುಮಾರು 2,700 ಕೆಲ್ವಿನ್‌ಗೆ ಏರುವಷ್ಟರಲ್ಲಿ ಅದು 13–14 ಪಟ್ಟು ಆಗಿರುತ್ತದೆ. ಆದ್ದರಿಂದ ತಣ್ಣಗಿನ ರೋಧದಿಂದ ಬಲ್ಬಿನ ವ್ಯಾಟನ್ನು ಎಂದೂ ಲೆಕ್ಕ ಹಾಕಬೇಡಿ. ಫಿಲಮೆಂಟ್ ತುಂಡಾಗಿದೆಯೇ ಇಲ್ಲವೇ ಎಂದು ನೋಡುವುದಕ್ಕೆ ಮಾತ್ರ ಆ ಅಳತೆ ಸಾಕು.

ಆ 814 ವ್ಯಾಟ್ ಪೂರ್ತಿ ಸುಳ್ಳೂ ಅಲ್ಲ. ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ ಫಿಲಮೆಂಟ್ ತಣ್ಣಗೇ ಇರುವುದರಿಂದ ಮಾಮೂಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಪ್ರವಾಹ ನುಗ್ಗುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಅದು ಇಳಿದುಬಿಡುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದ ಕ್ಷಣದಲ್ಲೇ ಹೆಚ್ಚಾಗಿ ಸುಟ್ಟುಹೋಗುವುದು ಇದರಿಂದಲೇ: ಫಿಲಮೆಂಟ್ ಸವೆದು ತೆಳುವಾದ ಜಾಗ ಆ ನುಗ್ಗುವಿಕೆಯಲ್ಲಿ ಉಳಿದ ಭಾಗಕ್ಕಿಂತ ಬೇಗ ಕಾದು ಕರಗುತ್ತದೆ. ಬಿಲ್ಲಿನ ಮೇಲೆ ಇದರ ಪರಿಣಾಮ ಏನೂ ಇಲ್ಲ. ಪದೇ ಪದೇ ಆರಿಸಿ ಹಚ್ಚಿದರೆ ಹೆಚ್ಚು ವಿದ್ಯುತ್ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಸಮಾಂತರ ಜೋಡಣೆ

ಕಟ್ಟಡಗಳ ವೈರಿಂಗ್ ಎಲ್ಲವೂ ಸಮಾಂತರವೇ. ಪ್ರತಿ ಬಲ್ಬಿಗೂ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಪ್ರತಿಯೊಂದೂ ತನ್ನ ಮೇಲೆ ಬರೆದಷ್ಟು ವ್ಯಾಟ್ ಎಳೆಯುತ್ತದೆ, ಒಂದು ಹೋದರೆ ಉಳಿದವುಗಳಿಗೆ ಏನೂ ಆಗುವುದಿಲ್ಲ. ಒಟ್ಟು ವ್ಯಾಟ್ ಬೇಕಿದ್ದರೆ ಕೂಡಿಸಿದರೆ ಆಯಿತು: 40 + 60 + 100 = 200 ವ್ಯಾಟ್, 200 ÷ 230 = 0.87 ಆಂಪಿಯರ್. ಇಷ್ಟಕ್ಕಿಂತ ಹೆಚ್ಚು ಹೇಳಲು ಇಲ್ಲಿ ಏನೂ ಇಲ್ಲ.

ಸರಣಿ ಜೋಡಣೆ: ಪುಸ್ತಕದ ಲೆಕ್ಕ ಮತ್ತು ನಿಜವಾದ ಲೆಕ್ಕ

60 ವ್ಯಾಟ್ ಮತ್ತು 100 ವ್ಯಾಟ್ ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿ 230 ವೋಲ್ಟ್ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? 60 ವ್ಯಾಟಿನದು. ಎರಡರಲ್ಲೂ ಪ್ರವಾಹ ಒಂದೇ, 60 ವ್ಯಾಟ್ ಬಲ್ಬಿನ ರೋಧ ಹೆಚ್ಚು, ಹಾಗಾಗಿ ಅದಕ್ಕೇ ಹೆಚ್ಚು ವ್ಯಾಟ್.

ಪುಸ್ತಕದ ಲೆಕ್ಕ ಹೀಗೆ: ಒಟ್ಟು ರೋಧ 882 + 529 = 1,411 ಓಮ್. ಪ್ರವಾಹ 230 ÷ 1,411 = 0.163 ಆಂಪಿಯರ್. 60ರ ಬಲ್ಬಿನಲ್ಲಿ 0.163 × 0.163 × 882 = 23.4 ವ್ಯಾಟ್, 100ರ ಬಲ್ಬಿನಲ್ಲಿ 14.1 ವ್ಯಾಟ್, ಒಟ್ಟು 37.5 ವ್ಯಾಟ್. ಪರೀಕ್ಷೆಯಲ್ಲಿ ಇದನ್ನೇ ಬರೆಯಬೇಕು, ಏಕೆಂದರೆ ಅಲ್ಲಿ ರೋಧ ಬದಲಾಗುವುದಿಲ್ಲ ಎಂದು ಒಪ್ಪಿಕೊಂಡಿರುತ್ತೇವೆ.

ಅಳೆದು ನೋಡಿದರೆ ಮಾತ್ರ ಒಟ್ಟು ಸುಮಾರು 50 ವ್ಯಾಟ್ ಬರುತ್ತದೆ. ವೋಲ್ಟೇಜ್ ಹಂಚಿಹೋದಾಗ ಎರಡೂ ಫಿಲಮೆಂಟ್‌ಗಳು ಮೊದಲಿನಷ್ಟು ಕಾಯುವುದಿಲ್ಲ. ಕಾಯದಿದ್ದರೆ ರೋಧ ಇಳಿಯುತ್ತದೆ, ರೋಧ ಇಳಿದರೆ ಪ್ರವಾಹ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ. ಇದನ್ನು ಮುಂಚಿತವಾಗಿಯೇ ಅಂದಾಜು ಮಾಡಲು ಒಂದು ಉಪಯುಕ್ತ ನಿಯಮವಿದೆ: ಉರಿಯುತ್ತಿರುವ ಟಂಗ್‌ಸ್ಟನ್ ಫಿಲಮೆಂಟ್‌ನಲ್ಲಿ ಪ್ರವಾಹವು ವೋಲ್ಟೇಜಿನ ಸುಮಾರು 0.55ನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ, ವ್ಯಾಟ್ ಸುಮಾರು 1.55ನೇ ಘಾತಕ್ಕೆ. ರೋಧ ಸ್ಥಿರವಾಗಿದ್ದಿದ್ದರೆ ಇವು 1 ಮತ್ತು 2 ಆಗಿರುತ್ತಿದ್ದವು. ಈ ನಿಯಮ ಹಿಡಿದು ಮಾಡುವ ಲೆಕ್ಕದ ಹಂತಗಳು:

1. ಎರಡೂ ಬಲ್ಬುಗಳ ಪೂರ್ಣ ಪ್ರವಾಹದ ಅನುಪಾತ ತೆಗೆಯಿರಿ: 0.435 ÷ 0.261 = 1.667.
2. ಅದನ್ನು 1.82ನೇ ಘಾತಕ್ಕೆ ಏರಿಸಿ (1 ÷ 0.55 = 1.82): ಸುಮಾರು 2.53. ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಇದಕ್ಕೆ ಗುಂಡಿ ಇರುತ್ತದೆ.
3. ಚಿಕ್ಕ ಬಲ್ಬಿಗೆ ದೊಡ್ಡ ಬಲ್ಬಿನ 2.53 ಪಟ್ಟು ವೋಲ್ಟೇಜ್ ಸಿಗುತ್ತದೆ. 230 ವೋಲ್ಟನ್ನು ಆ ಪ್ರಮಾಣದಲ್ಲಿ ಹಂಚಿ: 60ರದಕ್ಕೆ 165, 100ರದಕ್ಕೆ 65 ವೋಲ್ಟ್.
4. ಪ್ರವಾಹ: 165 ÷ 230 = 0.717, ಅದರ 0.55ನೇ ಘಾತ 0.833, 0.833 × 0.261 = 0.217 ಆಂಪಿಯರ್.
5. ವ್ಯಾಟ್: 165 × 0.217 = 36; 65 × 0.217 = 14.

ದೊಡ್ಡ ಬಲ್ಬಿನ ಉತ್ತರ ಎರಡೂ ಲೆಕ್ಕಗಳಲ್ಲಿ ಹೆಚ್ಚುಕಡಿಮೆ ಒಂದೇ, ಚಿಕ್ಕದರಲ್ಲಿ ಮಾತ್ರ 23ರ ಬದಲು 36. ಕಣ್ಣಿಗೆ ಕಾಣುವ ವ್ಯತ್ಯಾಸ ಇದಕ್ಕಿಂತ ತೀವ್ರ. ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿರುವುದರಿಂದ 100 ವ್ಯಾಟ್ ಬಲ್ಬು ಮಂದವಾದ ಕೆಂಪು ಎಳೆಯಾಗಿ ಕಾಣುತ್ತದೆ, ತನ್ನ ಪೂರ್ಣ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ಕೊಡುತ್ತದೆ. ಕಾಣುವುದಿಲ್ಲ ಎಂದ ಮಾತ್ರಕ್ಕೆ ಅದು ಏನೂ ಎಳೆಯುತ್ತಿಲ್ಲ ಎಂದಲ್ಲ. 14 ವ್ಯಾಟ್ ಶಾಖವಾಗಿ ಹೋಗುತ್ತಲೇ ಇದೆ.

ಒಂದೇ ಬಗೆಯ ಎರಡು 60 ವ್ಯಾಟ್ ಬಲ್ಬುಗಳಾದರೆ ತಲಾ 115 ವೋಲ್ಟ್. ಪುಸ್ತಕದ ಪ್ರಕಾರ ತಲಾ 15 ವ್ಯಾಟ್, ನಿಜದಲ್ಲಿ ತಲಾ 20 ಚಿಲ್ಲರೆ ವ್ಯಾಟ್. ಬೆಳಕು ತಲಾ ಸುಮಾರು ಹತ್ತನೇ ಒಂದು ಪಾಲು. ಸರಣಿಯಲ್ಲಿ ಹಾಕಿ ವಿದ್ಯುತ್ ಉಳಿಸುವ ಯೋಚನೆ ಏಕೆ ಕೆಲಸಕ್ಕೆ ಬಾರದು ಎಂಬುದು ಇಲ್ಲೇ ತಿಳಿಯುತ್ತದೆ: ಎರಡೂ ಸೇರಿ 41 ವ್ಯಾಟ್ ಎಳೆದು ಕೊಡುವ ಬೆಳಕು ಒಂದೇ ಒಂದು ಬಲ್ಬಿನ ಐದನೇ ಒಂದು ಪಾಲು.

ಸರಣಿಯ ನಿಯಮ ಉಪಯೋಗಕ್ಕೆ ಬರುವ ಎರಡು ಸಂದರ್ಭಗಳು

ಮೊದಲನೆಯದು ರಿಪೇರಿ ಮಾಡುವವರ ಸೀರೀಸ್ ಲ್ಯಾಂಪ್. ದುರಸ್ತಿಯಾದ ಉಪಕರಣಕ್ಕೆ ನೇರವಾಗಿ ಸಪ್ಲೈ ಕೊಡುವ ಬದಲು ನಡುವೆ 60 ಅಥವಾ 100 ವ್ಯಾಟ್ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಇಡುತ್ತಾರೆ. ಉಪಕರಣದೊಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣವಾಗಿ ಬೆಳಗುತ್ತದೆ, ಅದು ಕಾದ ಮೇಲೆ ಪ್ರವಾಹ 0.43 ಆಂಪಿಯರ್ ದಾಟುವುದಿಲ್ಲ, ಏನೂ ಸಿಡಿಯುವುದಿಲ್ಲ. ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂದವಾಗುತ್ತದೆ. ತಣ್ಣಗಿರುವಾಗ ಕಡಿಮೆ ರೋಧ, ಕಾದಾಗ ಹೆಚ್ಚು ರೋಧ ಎಂಬ ಗುಣವೇ ಇಲ್ಲಿ ರಕ್ಷಣೆ ಕೊಡುವುದು. ಈ ಕೆಲಸಕ್ಕೆ ಎಲ್‌ಇಡಿ ಬಲ್ಬು ಬರುವುದಿಲ್ಲ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಸೀರೀಸ್ ಲ್ಯಾಂಪ್ ಉಪಕರಣವನ್ನು ಕಾಪಾಡುತ್ತದೆ, ಮುಟ್ಟಿದವರನ್ನು ಕಾಪಾಡುವುದಿಲ್ಲ. ಜೀವಕ್ಕೆ ಅಪಾಯ ತರಲು 0.43 ಆಂಪಿಯರ್ ಬೇಕಾದಷ್ಟಾಯಿತು.

ಎರಡನೆಯದು ನ್ಯೂಟ್ರಲ್ ಕಡಿದುಹೋದಾಗ. ಮೂರು ಫೇಸ್ ಸಪ್ಲೈ ಇರುವ ಕಟ್ಟಡದಲ್ಲಿ ನ್ಯೂಟ್ರಲ್ ತಂತಿ ಬಿಟ್ಟುಹೋದರೆ, ಬೇರೆ ಬೇರೆ ಫೇಸ್‌ಗಳಲ್ಲಿರುವ ಬಲ್ಬುಗಳು ಎರಡು ಫೇಸ್‌ಗಳ ನಡುವಿನ 400 ವೋಲ್ಟಿಗೆ ಸರಣಿಯಲ್ಲಿ ಬಂದುಬಿಡುತ್ತವೆ. ಒಂದು ಬದಿ 100 ವ್ಯಾಟ್, ಇನ್ನೊಂದು ಬದಿ 40 ವ್ಯಾಟ್ ಇದ್ದರೆ ಪುಸ್ತಕದ ಲೆಕ್ಕದಲ್ಲೇ ಚಿಕ್ಕದಕ್ಕೆ 286 ವೋಲ್ಟ್, ಫಿಲಮೆಂಟ್‌ನ ನಿಯಮದ ಪ್ರಕಾರ 330 ದಾಟುತ್ತದೆ. ಕಡಿಮೆ ಲೋಡ್ ಇರುವ ಕಡೆಯ ಬಲ್ಬುಗಳೇ ಅತಿಯಾಗಿ ಬೆಳಗಿ ಸುಟ್ಟುಹೋಗುತ್ತವೆ. ಕೆಲವು ಕೋಣೆಗಳಲ್ಲಿ ದೀಪ ಮಂಕು, ಉಳಿದ ಕೋಣೆಗಳಲ್ಲಿ ಕಣ್ಣು ಕೋರೈಸುವಂತೆ ಉರಿಯುತ್ತಿದ್ದರೆ ತಕ್ಷಣ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ. ಬಲ್ಬು ಬದಲಾಯಿಸುತ್ತಾ ಕೂರುವ ಹೊತ್ತಲ್ಲ ಅದು.

12 ವೋಲ್ಟಿನಲ್ಲಿ ಸುರಕ್ಷಿತವಾಗಿ ಮಾಡಿ ನೋಡುವ ಪ್ರಯೋಗ

ಮೇಲಿನದೆಲ್ಲವನ್ನೂ ಮೇನ್ಸ್ ವೋಲ್ಟೇಜಿನಲ್ಲಿ ಪರೀಕ್ಷಿಸಲು ಹೋಗಬೇಡಿ. ವಾಹನದ ಬಲ್ಬುಗಳಲ್ಲಿ ಅದೇ ಪಾಠ ಅಪಾಯವಿಲ್ಲದೆ ಸಿಗುತ್ತದೆ. ಬೇಕಾದ ಸಾಮಾನುಗಳು: 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಒಂದು, 12 ವೋಲ್ಟ್ 5 ವ್ಯಾಟ್ ಬಲ್ಬು ಒಂದು, 12 ವೋಲ್ಟ್ 21 ವ್ಯಾಟ್ ಬಲ್ಬು ಒಂದು, ಎರಡಕ್ಕೂ ಹೋಲ್ಡರ್, 5 ಆಂಪಿಯರ್ ಫ್ಯೂಸ್ ಮತ್ತು ಅದರ ಹೋಲ್ಡರ್, 1 ಚದರ ಮಿಲಿಮೀಟರ್ ತಾಮ್ರದ ವೈರ್ ಎರಡು ಮೀಟರ್, ಒಂದು ಮಲ್ಟಿಮೀಟರ್. ಎರಡು ಮೀಟರ್ ಇದ್ದರೆ ಕೆಲಸ ಇನ್ನೂ ಸಲೀಸು.

ಬ್ಯಾಟರಿಯ ಬದಲು 2–3 ಆಂಪಿಯರ್ ಅಡಾಪ್ಟರ್ ಬಳಸಿದರೆ 21 ವ್ಯಾಟ್ ಬಲ್ಬು ಹೊತ್ತದೇ ಇರಬಹುದು, ಅಥವಾ ಮಿನುಗುತ್ತಲೇ ಇರಬಹುದು. ತಣ್ಣಗಿನ ಫಿಲಮೆಂಟ್ ಮೊದಲ ಕ್ಷಣದಲ್ಲಿ 15 ಆಂಪಿಯರ್‌ಗೂ ಹೆಚ್ಚು ಕೇಳುತ್ತದೆ, ಅಡಾಪ್ಟರ್ ಅದನ್ನು ಶಾರ್ಟ್ ಎಂದು ಎಣಿಸಿ ನಿಂತುಬಿಡುತ್ತದೆ.

1. ಫ್ಯೂಸನ್ನು ಬ್ಯಾಟರಿಯ ಪ್ಲಸ್ ತುದಿಗೆ ತೀರಾ ಹತ್ತಿರದಲ್ಲಿ ಹಾಕಿ. ಫ್ಯೂಸ್‌ಗಿಂತ ಹಿಂದಿನ ತಂತಿ ಶಾರ್ಟ್ ಆದರೆ ಅದನ್ನು ಕಾಯುವವರಿಲ್ಲ.
2. ಎರಡೂ ಬಲ್ಬುಗಳ ತಣ್ಣಗಿನ ರೋಧ ಅಳೆಯಿರಿ. ಮೊದಲು ಮೀಟರಿನ ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು (ಸಾಮಾನ್ಯವಾಗಿ 0.2–0.5 ಓಮ್) ಬರೆದಿಟ್ಟು ಕಳೆಯಿರಿ. 5 ವ್ಯಾಟಿನದಕ್ಕೆ ಎರಡು-ಮೂರು ಓಮ್ ಬರುತ್ತದೆ. 21 ವ್ಯಾಟಿನದು ಅರ್ಧ ಓಮ್ ಆಸುಪಾಸು ಇರುವುದರಿಂದ ಸಾಧಾರಣ ಮೀಟರಿನಲ್ಲಿ ಆ ಅಂಕಿಯನ್ನು ನೆಚ್ಚಬೇಡಿ.
3. ಒಂದೊಂದೇ ಬಲ್ಬು ಹಚ್ಚಿ. ಮೀಟರನ್ನು 10 ಆಂಪಿಯರ್ ರಂಧ್ರಕ್ಕೆ ಬದಲಾಯಿಸಿ, ಸರ್ಕ್ಯೂಟಿನ ನಡುವೆ ಸೇರಿಸಿ ಪ್ರವಾಹ ಅಳೆಯಿರಿ: ಸುಮಾರು 0.42 ಮತ್ತು 1.75 ಆಂಪಿಯರ್. ವಾಹನದ ಬಲ್ಬುಗಳಲ್ಲಿ ಒಂದಷ್ಟು ಹೆಚ್ಚುಕಡಿಮೆ ಇರುವುದು ಸಹಜ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.7 ವೋಲ್ಟ್ ಕೊಡುತ್ತದೆ ಎಂಬುದೂ ನೆನಪಿರಲಿ.
4. ಪ್ರವಾಹ ಅಳೆಯುತ್ತಿರುವಾಗಲೇ ಇನ್ನೊಂದು ಮೀಟರಿನಿಂದ ವೋಲ್ಟೇಜನ್ನು ಬಲ್ಬಿನ ಹೋಲ್ಡರ್‌ನ ತುದಿಗಳಲ್ಲೇ ಅಳೆಯಿರಿ. ಬ್ಯಾಟರಿಯ ತುದಿಗಳಲ್ಲಿ ಅಳೆದರೆ ಆಂಪಿಯರ್ ಮೀಟರ್ ಮತ್ತು ವೈರ್ ನುಂಗಿದ ವೋಲ್ಟೇಜ್ ಕೂಡ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡು ಅಂಕಿಗಳನ್ನು ಗುಣಿಸಿದರೆ ವ್ಯಾಟ್, ಭಾಗಿಸಿದರೆ ಬಿಸಿ ರೋಧ.
5. ಈಗ ಎರಡನ್ನೂ ಸರಣಿಯಲ್ಲಿ ಜೋಡಿಸಿ. 5 ವ್ಯಾಟಿನದು ಹೆಚ್ಚುಕಡಿಮೆ ಪೂರ್ತಿ ಬೆಳಗುತ್ತದೆ, 21 ವ್ಯಾಟಿನದು ಕತ್ತಲಾಗಿಯೇ ಇರುತ್ತದೆ. ಚಿಕ್ಕದರ ಮೇಲೆ ಸುಮಾರು 11 ವೋಲ್ಟ್, ದೊಡ್ಡದರ ಮೇಲೆ ಒಂದು ವೋಲ್ಟಿಗೂ ಕಡಿಮೆ, ಪ್ರವಾಹ 0.4 ಆಂಪಿಯರ್ ಸುಮಾರು.
6. ಬಲ್ಬುಗಳ ಸ್ಥಾನ ಅದಲು ಬದಲು ಮಾಡಿ. ಏನೂ ಬದಲಾಗುವುದಿಲ್ಲ. ಪ್ಲಸ್‌ಗೆ ಹತ್ತಿರ ಇರುವ ಬಲ್ಬು ಮೊದಲು ಪ್ರವಾಹ ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ ಎಂಬ ತಪ್ಪು ಕಲ್ಪನೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ಪ್ರವಾಹ ಅಳೆದ ಮೇಲೆ ಪ್ರೋಬನ್ನು ಆಂಪಿಯರ್ ರಂಧ್ರದಲ್ಲೇ ಬಿಟ್ಟು ವೋಲ್ಟೇಜ್ ಅಳೆಯಲು ಹೋಗುವುದು. ಆ ರಂಧ್ರದಲ್ಲಿ ಮೀಟರಿನ ರೋಧ ಶೂನ್ಯಕ್ಕೆ ಹತ್ತಿರ, ಹಾಗಾಗಿ ಅದು ಬ್ಯಾಟರಿಗೆ ನೇರ ಶಾರ್ಟ್. ಅದೃಷ್ಟವಿದ್ದರೆ ಮೀಟರಿನ ಫ್ಯೂಸ್ ಮಾತ್ರ ಹೋಗುತ್ತದೆ. ಕೆಲವು ಅಗ್ಗದ ಮೀಟರ್‌ಗಳಲ್ಲಿ 10 ಆಂಪಿಯರ್ ರಂಧ್ರಕ್ಕೆ ಫ್ಯೂಸೇ ಇರುವುದಿಲ್ಲ. 21 ವ್ಯಾಟ್ ಬಲ್ಬಿನ ಗಾಜು ನಿಮಿಷದೊಳಗೆ ಚರ್ಮ ಸುಡುವಷ್ಟು ಕಾಯುತ್ತದೆ ಎಂಬುದನ್ನೂ ಮಕ್ಕಳಿಗೆ ಮೊದಲೇ ಹೇಳಿ.

ವೋಲ್ಟೇಜ್ ಏರಿಳಿತ, ಡಿಮ್ಮರ್, ಡಯೋಡ್

ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ 5% ಇಳಿದರೆ ವ್ಯಾಟ್ ಸುಮಾರು 8% ಇಳಿಯುತ್ತದೆ, ಬೆಳಕು 16% ಇಳಿಯುತ್ತದೆ, ಆಯುಷ್ಯ ಸುಮಾರು ಎರಡರಷ್ಟಾಗುತ್ತದೆ. 10% ಏರಿದರೆ ವ್ಯಾಟ್ 16% ಹೆಚ್ಚು, ಆಯುಷ್ಯ ಮೂರನೇ ಒಂದಕ್ಕಿಂತ ಕಡಿಮೆ. ಬಲ್ಬುಗಳು ಬೇಗ ಬೇಗ ಹೋಗುತ್ತಿದ್ದರೆ ಬ್ರ್ಯಾಂಡನ್ನು ದೂರುವ ಮೊದಲು ಸಂಜೆ ಮತ್ತು ನಡುರಾತ್ರಿಯ ವೋಲ್ಟೇಜ್ ನೋಡಿ. ಲೋಡ್ ಇಳಿದ ರಾತ್ರಿಯ ಹೊತ್ತಿನಲ್ಲಿ ಅದು ಏರುವುದುಂಟು.

ಈಗಿನ ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್) ಡಿಮ್ಮರ್‌ಗಳು ಅಲೆಯ ಒಂದು ಭಾಗವನ್ನು ಕತ್ತರಿಸಿ ವ್ಯಾಟನ್ನು ನಿಜವಾಗಿಯೇ ಇಳಿಸುತ್ತವೆ. ತಂತಿ ಸುತ್ತಿದ ಹಳೆಯ ರೋಧಕಗಳಂತೆ ಉಳಿದದ್ದನ್ನು ತಾವೇ ಶಾಖವಾಗಿ ಸುಡುವುದಿಲ್ಲ. ಆದರೂ ಅರ್ಧ ವ್ಯಾಟಿಗೆ ಅರ್ಧ ಬೆಳಕು ಸಿಗುತ್ತದೆ ಎಂದುಕೊಳ್ಳಬೇಡಿ, ಸಿಗುವುದು ಕಾಲು ಭಾಗಕ್ಕೂ ತುಸು ಕಡಿಮೆ. ಬಲ್ಬಿನ ಜೊತೆ ಸರಣಿಯಲ್ಲಿ ಒಂದು ಡಯೋಡ್ (ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕುವ ಹಳೆಯ ಉಪಾಯದಲ್ಲೂ ಇದೇ ಕಥೆ. ಅರ್ಧ ಅಲೆ ಮಾತ್ರ ದಾಟುವುದರಿಂದ 230ರ ಬದಲು ಪರಿಣಾಮಕಾರಿ ವೋಲ್ಟೇಜ್ 163. ವ್ಯಾಟ್ 50%ಕ್ಕೆ ಇಳಿಯಬೇಕಿತ್ತು, ಇಳಿಯುವುದು 58%ರವರೆಗೆ ಮಾತ್ರ, ಬೆಳಕು 30%. ಯಾವಾಗಲೂ ಮಂದ ಬೆಳಕೇ ಬೇಕಿದ್ದರೆ ಚಿಕ್ಕ ಬಲ್ಬು ಹಾಕುವುದೇ ಸರಿ.

ಎಲ್‌ಇಡಿ ಬಲ್ಬಿಗೆ ಈ ಲೆಕ್ಕ ಏಕೆ ಒಪ್ಪುವುದಿಲ್ಲ

ಎಲ್‌ಇಡಿ ಬಲ್ಬಿನೊಳಗೆ ಒಂದು ಡ್ರೈವರ್ ಸರ್ಕ್ಯೂಟ್ ಇರುತ್ತದೆ, ಎಷ್ಟು ವ್ಯಾಟ್ ಎಂಬುದನ್ನು ನಿರ್ಧರಿಸುವುದು ಅದೇ. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿ «ಎಲ್‌ಇಡಿಯ ರೋಧ» ತೆಗೆಯುವುದಕ್ಕೆ ಅರ್ಥವಿಲ್ಲ. ಮಲ್ಟಿಮೀಟರಿನ ಓಮ್ ಅಳತೆಯೂ ಏನನ್ನೂ ಹೇಳುವುದಿಲ್ಲ. ಡ್ರೈವರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಸ್ವಿಚಿಂಗ್ ಡ್ರೈವರ್ ಎಲ್‌ಇಡಿಗೆ ಹೋಗುವ ಪ್ರವಾಹವನ್ನು ಸ್ಥಿರವಾಗಿ ಇಡುತ್ತದೆ. ಸಪ್ಲೈ ವೋಲ್ಟೇಜ್ ಇಳಿದರೆ ಅದು ಹೊರಗಿನಿಂದ ಹೆಚ್ಚು ಪ್ರವಾಹ ಎಳೆದುಕೊಂಡು ವ್ಯಾಟನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಫಿಲಮೆಂಟ್‌ಗೆ ಇದು ನೇರ ವಿರುದ್ಧ. ಲೀನಿಯರ್ ಡ್ರೈವರ್‌ನಲ್ಲಿ ಬೆಳಕು ಸ್ಥಿರ, ಆದರೆ ವೋಲ್ಟೇಜ್ ಹೆಚ್ಚಾದರೆ ಹೆಚ್ಚುವರಿ ಭಾಗವನ್ನು ಡ್ರೈವರ್ ಚಿಪ್ ಶಾಖವಾಗಿ ಕಳೆಯುತ್ತದೆ. ಹೀಗಾಗಿ ಬೆಳಕು ಹೆಚ್ಚದೆ ವ್ಯಾಟ್ ಮಾತ್ರ ಏರುತ್ತದೆ, ಬಲ್ಬು ಕಾಯುತ್ತದೆ. ಮೂರನೆಯದು, ತೀರಾ ಅಗ್ಗದ ಬಲ್ಬುಗಳಲ್ಲಿರುವ ಕೆಪ್ಯಾಸಿಟರ್ ಡ್ರಾಪರ್. ಇದರಲ್ಲಿ ವೋಲ್ಟೇಜ್ ಏರಿದಂತೆ ಪ್ರವಾಹ, ಬೆಳಕು ಎರಡೂ ಏರುತ್ತವೆ. 50 ಹರ್ಟ್ಸ್‌ನಲ್ಲಿ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 3,183 ಓಮ್‌ನಷ್ಟು ಅಡ್ಡಿ ಒಡ್ಡುತ್ತದೆ, 230 ವೋಲ್ಟಿನಲ್ಲಿ ಹೆಚ್ಚೆಂದರೆ 72 ಮಿಲಿಆಂಪಿಯರ್ ಬಿಡುತ್ತದೆ.

ಎರಡು ಎಲ್‌ಇಡಿ ಬಲ್ಬುಗಳನ್ನು ಮೇನ್ಸ್‌ಗೆ ಸರಣಿಯಲ್ಲಿ ಹಾಕಬೇಡಿ. ವೋಲ್ಟೇಜ್ ಹೇಗೆ ಹಂಚಿಕೊಳ್ಳಬೇಕು ಎಂಬುದು ಎರಡು ಡ್ರೈವರ್‌ಗಳ ಜಗ್ಗಾಟವಾಗಿ, ಒಂದು ಮಿನುಗುತ್ತದೆ, ಇನ್ನೊಂದು ಆರುತ್ತದೆ, ಕೆಲವೊಮ್ಮೆ ಎರಡೂ ಹಾಳಾಗುತ್ತವೆ.

ಪವರ್ ಫ್ಯಾಕ್ಟರ್: ಬರಹದಲ್ಲೇ ಅಡಗಿರುವ ಅಂಕಿ

9 ವ್ಯಾಟ್ ಎಲ್‌ಇಡಿ ಬಲ್ಬಿನ ಮೇಲೆ 75 ಮಿಲಿಆಂಪಿಯರ್ ಎಂದೂ ಅಚ್ಚಾಗಿದೆ ಎನ್ನಿ. ಗುಣಿಸಿದರೆ 230 × 0.075 = 17.25. ಇದು 9ಕ್ಕೆ ಸಮ ಇಲ್ಲವಲ್ಲ? ಈ 17.25 ವೋಲ್ಟ್-ಆಂಪಿಯರ್, ಅಂದರೆ ವಿಎ. ವ್ಯಾಟನ್ನು ವಿಎಯಿಂದ ಭಾಗಿಸಿದರೆ 0.52, ಅದೇ ಪವರ್ ಫ್ಯಾಕ್ಟರ್. ಡ್ರೈವರ್ ಪ್ರವಾಹವನ್ನು ಅಲೆಯುದ್ದಕ್ಕೂ ಸಮವಾಗಿ ತೆಗೆದುಕೊಳ್ಳದೆ ಅಲೆಯ ತುದಿಯಲ್ಲಿ ಚೂಪಾದ ತುಣುಕುಗಳಾಗಿ ಎಳೆಯುವುದರಿಂದ ಹೀಗಾಗುತ್ತದೆ. ಫಿಲಮೆಂಟ್ ಬಲ್ಬಿಗೆ ಇದು 1, ಅದಕ್ಕೇ ಅಲ್ಲಿ ಈ ತೊಡಕೇ ಇರಲಿಲ್ಲ.

ಮನೆಯ ಎನರ್ಜಿ ಮೀಟರ್ ಸಾಮಾನ್ಯವಾಗಿ ಎಣಿಸುವುದು ವ್ಯಾಟನ್ನು, ಆದ್ದರಿಂದ ಯೂನಿಟ್ ಲೆಕ್ಕಕ್ಕೆ 9 ವ್ಯಾಟೇ ಸರಿ. ವೈರ್, ಯುಪಿಎಸ್, ಇನ್ವರ್ಟರ್, ಜನರೇಟರ್ ಆರಿಸುವಾಗ ಮಾತ್ರ ವಿಎ ನೋಡಬೇಕು. ಇಂಥ 20 ಬಲ್ಬುಗಳು 180 ವ್ಯಾಟ್ ಎಳೆದರೂ 345 ವಿಎ, 1.5 ಆಂಪಿಯರ್ ಆಗುತ್ತವೆ. ಜೊತೆಗೆ ಪ್ರತಿ ಡ್ರೈವರ್‌ನ ಇನ್‌ಪುಟ್ ಕೆಪ್ಯಾಸಿಟರ್ ಸ್ವಿಚ್ ಹಾಕಿದ ಕ್ಷಣದಲ್ಲಿ ದೊಡ್ಡ ಪ್ರವಾಹ ಎಳೆಯುತ್ತದೆ. ಹತ್ತಾರು ಎಲ್‌ಇಡಿ ದೀಪಗಳಿರುವ ಒಂದೇ ಸ್ವಿಚ್ ಹಾಕಿದಾಗ ಎಂಸಿಬಿ (ಅತಿ ಪ್ರವಾಹಕ್ಕೆ ತಾನೇ ಆರುವ ರಕ್ಷಣಾ ಸ್ವಿಚ್) ಬೀಳುವುದು ಇದರಿಂದ. ದೀಪಗಳನ್ನು ಎರಡು-ಮೂರು ಸ್ವಿಚ್‌ಗಳಿಗೆ ಹಂಚುವುದೇ ಸುಲಭದ ಪರಿಹಾರ.

ಹಳೆಯ ಟ್ಯೂಬ್‌ಲೈಟಿನಲ್ಲಿ ಮರೆಯುವುದು ಚೋಕನ್ನು. ತಾಮ್ರದ ಚೋಕ್ ಇರುವ 36 ವ್ಯಾಟ್ ಟ್ಯೂಬ್ ಒಟ್ಟಾರೆ 45 ವ್ಯಾಟ್ ಸುಮಾರು ಎಳೆಯುತ್ತದೆ, ಪ್ರವಾಹ 0.43 ಆಂಪಿಯರ್. ಕೆಪ್ಯಾಸಿಟರ್ ಇಲ್ಲದಿದ್ದರೆ ಪವರ್ ಫ್ಯಾಕ್ಟರ್ 0.5ರ ಆಸುಪಾಸು.

ಮೇನ್ಸ್ ಬಲ್ಬನ್ನು ಅಳೆಯುವ ಮೂರು ದಾರಿಗಳು

ಎಲ್ಲಕ್ಕಿಂತ ಒಳ್ಳೆಯದು ಪ್ಲಗ್‌ನಲ್ಲಿ ಸಿಕ್ಕಿಸುವ ಪವರ್ ಮೀಟರ್. ಟೇಬಲ್ ಲ್ಯಾಂಪನ್ನು ಅದಕ್ಕೆ ಸಿಕ್ಕಿಸಿ, ಬಲ್ಬು ಬದಲಾಯಿಸುತ್ತಾ ವ್ಯಾಟ್, ವಿಎ, ಪವರ್ ಫ್ಯಾಕ್ಟರ್ ಮೂರನ್ನೂ ಓದಬಹುದು. ಯಾವ ತಂತಿಯನ್ನೂ ಬಿಚ್ಚಬೇಕಿಲ್ಲ. ಎಲ್‌ಇಡಿ ಬಲ್ಬನ್ನು ಹತ್ತು-ಹದಿನೈದು ನಿಮಿಷ ಉರಿಸಿ ಕಾದ ಮೇಲೆ ಓದಿ, ಮೊದಲ ನಿಮಿಷದ ಅಂಕಿ ತುಸು ಬೇರೆ ಇರುತ್ತದೆ. 1–2 ವ್ಯಾಟಿಗಿಂತ ಕೆಳಗೆ ಅಗ್ಗದ ಮೀಟರ್‌ಗಳನ್ನು ನಂಬಬೇಡಿ.

ಕ್ಲ್ಯಾಂಪ್ ಮೀಟರ್ ಬಳಸುವವರು ಎರಡು ತಪ್ಪು ಮಾಡುತ್ತಾರೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಇರುವ ಕೇಬಲ್ಲಿನ ಸುತ್ತ ಕ್ಲ್ಯಾಂಪ್ ಹಾಕಿದರೆ ಸೊನ್ನೆ ಬರುತ್ತದೆ. ಹೋಗುವ ಮತ್ತು ಬರುವ ಪ್ರವಾಹಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕುತ್ತದೆ, ಆದ್ದರಿಂದ ಒಂದೇ ತಂತಿ ಹಿಡಿಯಬೇಕು. ಇನ್ನು, ಒಂದು ಬಲ್ಬಿನ ಪ್ರವಾಹ ಕ್ಲ್ಯಾಂಪ್‌ಗೆ ತೀರಾ ಚಿಕ್ಕದು. ಇನ್ಸುಲೇಶನ್ ಗಟ್ಟಿಯಿರುವ ಒಂದೇ ತಂತಿಯನ್ನು ಕ್ಲ್ಯಾಂಪಿನೊಳಗೆ ಹತ್ತು ಸುತ್ತು ಹಾಕಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ: 60 ವ್ಯಾಟ್ ಬಲ್ಬಿಗೆ 2.6 ತೋರಿಸಿದರೆ 0.26 ಆಂಪಿಯರ್. ಎಲ್‌ಇಡಿಯಾದರೆ ಮೀಟರ್ ಟ್ರೂ ಆರ್‌ಎಂಎಸ್ (ಯಾವ ಆಕಾರದ ಅಲೆಯನ್ನೂ ಸರಿಯಾಗಿ ಅಳೆಯುವ ಬಗೆ) ಆಗಿರಲೇಬೇಕು, ಇಲ್ಲವಾದರೆ ಚೂಪು ಅಲೆಯನ್ನು ಅದು ತಪ್ಪಾಗಿ ಓದುತ್ತದೆ. ಆಗಲೂ ಸಿಗುವುದು ವಿಎ, ವ್ಯಾಟ್ ಅಲ್ಲ.

ಯಾವ ಉಪಕರಣವೂ ಇಲ್ಲದಿದ್ದರೆ ಎನರ್ಜಿ ಮೀಟರಿನ ಮಿನುಗು ದೀಪವೇ ಸಾಕು. ಮೀಟರಿನ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ, ಉದಾಹರಣೆಗೆ 3,200. ಉಳಿದೆಲ್ಲವನ್ನೂ ಆರಿಸಿ, ಅಳೆಯಬೇಕಾದ್ದನ್ನು ಮಾತ್ರ ಹಚ್ಚಿ, ಎರಡು ಮಿನುಗುಗಳ ನಡುವಿನ ಸೆಕೆಂಡ್ ಎಣಿಸಿ.

ವ್ಯಾಟ್ = 36,00,000 ÷ (ಮಿನುಗುಗಳ ಅಂಕಿ × ಸೆಕೆಂಡ್)

3,200ರ ಮೀಟರಿನಲ್ಲಿ 60 ವ್ಯಾಟ್ ಬಲ್ಬಿಗೆ ಸುಮಾರು 19 ಸೆಕೆಂಡಿಗೊಮ್ಮೆ, 9 ವ್ಯಾಟಿಗೆ 125 ಸೆಕೆಂಡಿಗೊಮ್ಮೆ ಮಿನುಗುತ್ತದೆ. ಚಿಕ್ಕ ಬಲ್ಬುಗಳಾದರೆ ನಾಲ್ಕೈದನ್ನು ಒಟ್ಟಿಗೆ ಹಚ್ಚಿ, ಹತ್ತು ಮಿನುಗುಗಳ ಸಮಯ ಹಿಡಿದು ಸರಾಸರಿ ತೆಗೆಯಿರಿ.

ವೈರ್ ನುಂಗುವ ವ್ಯಾಟ್

1.5 ಚದರ ಮಿಲಿಮೀಟರ್ ತಾಮ್ರದ ವೈರ್ ಕಿಲೋಮೀಟರಿಗೆ ಸುಮಾರು 12.1 ಓಮ್. ಬಲ್ಬು 30 ಮೀಟರ್ ದೂರ ಇದ್ದರೆ ಹೋಗಿ ಬರುವ ದಾರಿ 60 ಮೀಟರ್, ರೋಧ 0.73 ಓಮ್. 230 ವೋಲ್ಟಿನ 60 ವ್ಯಾಟ್ ಬಲ್ಬಿನ 0.26 ಆಂಪಿಯರ್‌ಗೆ ವೈರ್‌ನಲ್ಲಿ ಹೋಗುವುದು 0.05 ವ್ಯಾಟ್. ಲೆಕ್ಕಕ್ಕೇ ಇಲ್ಲ. ಅದೇ 60 ವ್ಯಾಟನ್ನು 12 ವೋಲ್ಟಿನಲ್ಲಿ ಒಯ್ಯಲು 5 ಆಂಪಿಯರ್ ಬೇಕು. 5 × 5 × 0.73 = 18 ವ್ಯಾಟ್ ವೈರ್‌ನಲ್ಲೇ ಹೋಯಿತು, 3.6 ವೋಲ್ಟ್ ದಾರಿಯಲ್ಲೇ ಕಳೆಯಿತು. ಸೌರ ದೀಪಗಳ 12 ವೋಲ್ಟ್ ಲೈನಿನಲ್ಲಿ ಕೊನೆಯ ದೀಪ ಮಂಕಾಗುವುದು, ಉದ್ದದ ಎಲ್‌ಇಡಿ ಸ್ಟ್ರಿಪ್ಪಿನ ತುದಿ ಬಣ್ಣಗೆಡುವುದು ಎರಡಕ್ಕೂ ಇದೇ ಕಾರಣ. ವೈರ್ ದಪ್ಪ ಮಾಡಿ, ದೂರ ಕಡಿಮೆ ಮಾಡಿ, ಸ್ಟ್ರಿಪ್ಪಾದರೆ ಎರಡೂ ತುದಿಗಳಿಂದ ಸಪ್ಲೈ ಕೊಡಿ, ಅಥವಾ 24 ವೋಲ್ಟಿಗೆ ಹೋಗಿ. ವೋಲ್ಟೇಜ್ ಎರಡರಷ್ಟಾದರೆ ಅದೇ ವ್ಯಾಟಿಗೆ ವೈರ್‌ನ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ.

ಯೂನಿಟ್ ಲೆಕ್ಕ

ವ್ಯಾಟನ್ನು ಉರಿದ ಗಂಟೆಗಳಿಂದ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್. ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ 60 ವ್ಯಾಟ್ ಫಿಲಮೆಂಟ್ ಬಲ್ಬು 9 ಯೂನಿಟ್, 9 ವ್ಯಾಟ್ ಎಲ್‌ಇಡಿ 1.35 ಯೂನಿಟ್. ಹೋಲಿಸುವಾಗ ವ್ಯಾಟನ್ನಷ್ಟೇ ನೋಡದೆ ಪೊಟ್ಟಣದ ಮೇಲಿನ ಲ್ಯೂಮೆನ್ ನೋಡಿ, ಬೆಳಕಿನ ಅಳತೆ ಅದೇ. ಫಿಲಮೆಂಟ್ ಬಲ್ಬು ವ್ಯಾಟಿಗೆ 10–15 ಲ್ಯೂಮೆನ್, ಸಿಎಫ್‌ಎಲ್ 50–70, ಒಳ್ಳೆಯ ಎಲ್‌ಇಡಿ 80–120 ಕೊಡುತ್ತವೆ. 9 ವ್ಯಾಟ್ ಎಂದು ಬರೆದು 500 ಲ್ಯೂಮೆನ್ ಮಾತ್ರ ಕೊಡುವ ಎಲ್‌ಇಡಿ ಕಂಡರೆ ಅದನ್ನು ಬಿಟ್ಟುಬಿಡಿ.

ವೈಫೈ ಅಥವಾ ಬ್ಲೂಟೂತ್ ಇರುವ ಬಲ್ಬುಗಳು ಆ್ಯಪ್‌ನಲ್ಲಿ ಆರಿಸಿದ ಮೇಲೂ ಸ್ವಲ್ಪ ಎಳೆಯುತ್ತಲೇ ಇರುತ್ತವೆ. ಅರ್ಧ ವ್ಯಾಟ್ ಎಂದರೂ ವರ್ಷಕ್ಕೆ 4.4 ಯೂನಿಟ್. ದಿನಕ್ಕೆ ಒಂದೇ ಗಂಟೆ ಉರಿಯುವ 9 ವ್ಯಾಟ್ ಬಲ್ಬಿನ ಇಡೀ ವರ್ಷದ ಬಳಕೆ 3.3 ಯೂನಿಟ್. ಅಪರೂಪಕ್ಕೆ ಬಳಸುವ ಜಾಗಗಳಲ್ಲಿ, ಸ್ಟೋರ್ ರೂಮ್ ಅಥವಾ ಅಟ್ಟದಂಥ ಕಡೆ, ಗೋಡೆಯ ಮಾಮೂಲಿ ಸ್ವಿಚ್ ಮತ್ತು ಸಾದಾ ಎಲ್‌ಇಡಿ ಸಾಕು. ಸಾದಾ ಎಲ್‌ಇಡಿಯೂ ಸ್ವಿಚ್ ಆರಿಸಿದ ಮೇಲೆ ಮಂಕಾಗಿ ಮಿನುಗುತ್ತಿದ್ದರೆ ಸ್ವಿಚ್‌ನೊಳಗಿನ ಇಂಡಿಕೇಟರ್ ದೀಪವನ್ನು ಮೊದಲು ಶಂಕಿಸಿ. ಅದರ ಮೂಲಕ ಹರಿಯುವ ಅತ್ಯಲ್ಪ ಪ್ರವಾಹ ಡ್ರೈವರ್‌ನ ಕೆಪ್ಯಾಸಿಟರನ್ನು ಮೆಲ್ಲಗೆ ತುಂಬಿಸುತ್ತಿರುತ್ತದೆ. ಇಂಡಿಕೇಟರ್ ಇಲ್ಲದಿದ್ದರೂ ಹಾಗಾಗುತ್ತಿದ್ದರೆ ಸ್ವಿಚ್ ಫೇಸ್ ತಂತಿಯ ಬದಲು ನ್ಯೂಟ್ರಲ್‌ನಲ್ಲಿ ಇರಬಹುದು. ಬಿಲ್ಲಿನ ದೃಷ್ಟಿಯಿಂದ ಅದು ಏನೂ ಅಲ್ಲ, ಆದರೆ ಸ್ವಿಚ್ ಆರಿದ್ದಾಗಲೂ ಹೋಲ್ಡರ್‌ನಲ್ಲಿ ಪೂರ್ತಿ 230 ವೋಲ್ಟ್ ಇರುತ್ತದೆ. ಬಲ್ಬು ಬದಲಾಯಿಸುವ ಕೈ ಅದನ್ನು ಮುಟ್ಟುವ ಮೊದಲು ಮೇನ್ ಆರಿಸಿ ಎಲೆಕ್ಟ್ರಿಷಿಯನ್‌ರಿಂದ ತಂತಿ ಸರಿಪಡಿಸಿಕೊಳ್ಳಿ.